ಸಿದ್ದಕ್ಕನ ಅಪ್ಪ ದೇವರಾದದ್ದು

ಮುಧೋಳದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಸಿದ್ದಕ್ಕನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ ಇದ್ದಾರೆ. ಇದ್ದಾರೆ ಎಂದು ಹೇಳಿಕೊಳ್ಳಲು ಅವಳಿಗೇ ನಾಚಿಕೆ. ಗಂಡ ತೀರಿಕೊಂಡ ಮೇಲೆ ಅವಳು ತವರಿನ ಅಂಗಳಕ್ಕೆ ಹೋಗಿ ಕೈಚಾಚಲಿಲ್ಲ. ಎರಡು ಹಂಚು ತಂದಳು, ಅನಸವ್ವನೆಂಬ ಜೊತೆಗಾರ್ತಿಯನ್ನು ಸೇರಿಸಿಕೊಂಡಳು, ಒಲೆಯ ಮುಂದೆ ಕೂತುಬಿಟ್ಟಳು. ಅವಳ ರೊಟ್ಟಿ ಖಡಕ್, ಮಾತು ಅದಕ್ಕಿಂತ ಖಡಕ್. ಸಾಲ ಹೇಳಿ ತಿನ್ನುವ ಗಂಡಸರು ಅವಳ ಮನೆಯ ಮುಂದೆ ತಲೆ ತಗ್ಗಿಸಿ ದಾಟುತ್ತಾರೆ.

ಅಣ್ಣ ಲಗಮಣ್ಣ, ತಮ್ಮ ಯಲ್ಲಾಲಿಂಗ, ಇಬ್ಬರೂ ರನ್ನ ಬೆಳಗಲಿಯಲ್ಲಿ ಕಬ್ಬು ಬೆಳೆಯುತ್ತಾರೆ. ಹೊಲ ಅವರು ಗಳಿಸಿದ್ದಲ್ಲ. ಅಪ್ಪ ಹಾಲಸಿದ್ದಪ್ಪ ಊರೂರು ಅಲೆದು ಕುರಿ ಕಾಯ್ದು, ಮರಿ ಮಾರಿ ಕೊಂಡದ್ದು. ಆ ಮುದುಕನಿಗೆ ಎಂಬತ್ತರ ಹತ್ತಿರ ಮರೆವಿನ ರೋಗ ಅಂಟಿತು. ಮೊದಲು ಮೊಮ್ಮಕ್ಕಳ ಹೆಸರು ಹೋಯಿತು, ಆಮೇಲೆ ಮಕ್ಕಳ ಗುರುತೂ ಹೋಯಿತು. ಕುರಿಗಾರನ ಒಂದು ಅಭ್ಯಾಸ ಮಾತ್ರ ಉಳಿಯಿತು. ದೀಪ ಹಚ್ಚುವ ಹೊತ್ತಾದರೆ ಸಾಕು, ಎದ್ದು ನಿಂತು, “ಇಲ್ಲಿ ಮೇವು ಮುಗೀತು. ಹಟ್ಟಿ ಎತ್ರಿ, ಮುಂದ ನಡೀರಿ,” ಎಂದು ಹೊರಟೇಬಿಡುತ್ತಿದ್ದ. ಹೊರಟವನನ್ನು ಕಾಲುವೆಯ ದಂಡೆಯಿಂದ ಹುಡುಕಿ ತರಬೇಕಾಗುತ್ತಿತ್ತು.

ಹುಡುಕುವ ಕೆಲಸ ಬೇಸರವಾದಾಗ ಮಕ್ಕಳು ಒಂದು ಉಪಾಯ ಕಂಡುಹಿಡಿದರು. ಒಂದು ದಿನ ಸಿದ್ದಕ್ಕ ಶೇಂಗಾ ಚಟ್ನಿ ಕಟ್ಟಿಕೊಂಡು ತವರಿಗೆ ಹೋದಾಗ ಅಪ್ಪ ದನದ ಕೊಟ್ಟಿಗೆಯಲ್ಲಿದ್ದ. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಕಂಬಕ್ಕೆ. ಮೈಮೇಲೆ ಹರಕು ಗೋಣಿ. ಪಡಸಾಲೆಯಲ್ಲಿ ಲಗಮಣ್ಣನ ಬೇಟೆನಾಯಿ ಕೌದಿಯ ಮೇಲೆ ಮಲಗಿತ್ತು, ಅದರ ಮುಂದೆ ಮೊಟ್ಟೆಯ ಸಿಪ್ಪೆ ಬಿದ್ದಿತ್ತು.

“ನಾಯಿ ಬಿಚ್ಚಿ ಬಿಟ್ಟೀಯಲ್ಲ ಯಣ್ಣಾ, ಅದು ಓಡಿ ಹೋಗಂಗಿಲ್ಲೇನು?” ಎಂದಳು ಸಿದ್ದಕ್ಕ.

“ಅದಕ್ಕ ಬುದ್ಧಿ ಐತಿ,” ಎಂದ ಲಗಮಣ್ಣ.

ಸಿದ್ದಕ್ಕ ಹಗ್ಗ ಬಿಚ್ಚಿದಳು. ಚಟ್ನಿಯ ಗಂಟನ್ನೂ ಅಲ್ಲಿ ಬಿಡಲಿಲ್ಲ, ಅಪ್ಪನ ಜೊತೆ ವಾಪಸ್ ತಂದಳು.

ಆದರೆ ಒಲೆ ಉರಿಯುವ ಮನೆಯಲ್ಲಿ ಅಂಥವನನ್ನು ಇಟ್ಟುಕೊಳ್ಳುವುದು ಹೇಗೆ? ಒಂದು ಸಂಜೆ ಕಾದ ಹಂಚನ್ನೇ ಎತ್ತಲು ಹೋದ. ಇನ್ನೊಂದು ಸಂಜೆ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನಿಂತು ಅವುಗಳನ್ನು ಕುರಿಯಂತೆ ಹೊಡೆಯುತ್ತಿದ್ದ. ಹಗಲೂ ರಾತ್ರಿ ಕಣ್ಣಿಡುವವರು ಬೇಕು ಎಂದರು ಡಾಕ್ಟರು. ಅಂಥವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆ ಜಮಖಂಡಿಯ ಹೊರಗಿತ್ತು. ತಿಂಗಳಿಗೆ ಹದಿನೈದು ಸಾವಿರ. ಮೂವರೂ ಹಂಚಿಕೊಂಡರೆ ಯಾರ ಮನೆಯೂ ಮುಳುಗುವುದಿಲ್ಲ ಎಂದು ಸಿದ್ದಕ್ಕ ಕೇಳಲು ಹೋದಳು.

“ಕಾರ್ಖಾನಿ ಬಿಲ್ ಇನ್ನಾ ಬಂದಿಲ್ಲವ್ವಾ ತಂಗಿ,” ಎಂದ ಲಗಮಣ್ಣ. ಬಿಲ್ಲು ಬಂದಾಗ ಅದು ಟ್ರ್ಯಾಕ್ಟರಿಗೆ ಹಾಡಿನ ಪೆಟ್ಟಿಗೆಯಾಗಿ ಮೂರು ಊರಿಗೆ ಕೇಳಿಸಿತು.

ಯಲ್ಲಾಲಿಂಗ ಇನ್ನೂ ದೊಡ್ಡ ಮನುಷ್ಯ. “ಹೆತ್ತ ಅಪ್ಪನ್ನ ರೊಕ್ಕ ಕೊಟ್ಟು ಮಂದಿ ಕಡೆ ಇಡೂದು ನಮ್ಮ ಮನಿತನಕ್ಕ ಶೋಭಾ ತರತೈತೇನ ಅಕ್ಕಾ?” ಎಂದ.

ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ. ಅಪ್ಪನನ್ನು ಕಂಬಕ್ಕೆ ಕಟ್ಟಿದಾಗ ಈ ಶೋಭೆ ಯಾವ ಹೊಲಕ್ಕೆ ನೀರು ಬಿಡಲು ಹೋಗಿತ್ತೋ! ಸಿದ್ದಕ್ಕ ಮತ್ತೆ ಕೇಳಲಿಲ್ಲ. ಮೂರನೆಯ ಹಂಚು ತಂದಳು. ಭುಜ ಎತ್ತಲು ಬಾರದಷ್ಟು ನೋಯುತ್ತಿದ್ದರೂ ತಿಂಗಳು ತಿಂಗಳು ಒಬ್ಬಳೇ ಕಟ್ಟುತ್ತ ಬಂದಳು. ಅಲ್ಲಿ ಅಪ್ಪ ಸ್ವಚ್ಛವಾಗಿದ್ದ, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಿದ್ದ, ಗೇಟು ಭದ್ರವಾಗಿತ್ತು. ಅವಳಿಗೆ ಅಷ್ಟು ಸಾಕಿತ್ತು.

ಹೀಗಿರುವಾಗ ಶ್ರಾವಣದಲ್ಲಿ ಯಲ್ಲಾಲಿಂಗನಿಗೆ ಇದ್ದಕ್ಕಿದ್ದಂತೆ ಪಿತೃಭಕ್ತಿ ಉಕ್ಕಿತು. ಊರ ಗುಡಿಯಲ್ಲಿ ಕುರಿಗಾರರ ದೇವರು ಬೀರಪ್ಪನ ದರ್ಶನ ಮಾಡಿಸಿ ಒಂದೇ ದಿನದಲ್ಲಿ ತಂದು ಬಿಡುತ್ತೇನೆಂದು ಕಾರು ಮಾಡಿಕೊಂಡು ಅಪ್ಪನನ್ನು ಕರೆದೊಯ್ದ. ಅಷ್ಟಾದರೂ ಮಾಡಿದನಲ್ಲ ಎಂದು ಸಿದ್ದಕ್ಕ ಒಂದು ಗಳಿಗೆ ತಮ್ಮನನ್ನು ಮೆಚ್ಚಿಕೊಂಡಳು. ಆ ಗಳಿಗೆಗಾಗಿ ಅವಳು ತನ್ನನ್ನು ಇನ್ನೂ ಬೈದುಕೊಳ್ಳುತ್ತಾಳೆ.

ಗುಡಿಯಲ್ಲಿ ಡೊಳ್ಳು ಬಾರಿಸಿದಾಗ ಮುದುಕ ಬೆಚ್ಚಿ ಎದ್ದು, “ಮಳಿ ಬರತೈತಿ, ಮರಿ ಒಳಗ ಹೊಡೀರಿ!” ಎಂದು ಕೂಗಿದನಂತೆ. ಸಂಜೆ ಮಳೆ ಬಂತು. ಶ್ರಾವಣದಲ್ಲಿ ಮಳೆ ಬಂದದ್ದೂ ಒಂದು ಪವಾಡವೇ? ಆದರೆ ಊರಿಗೆ ಅಷ್ಟೇ ಸಾಕಾಯಿತು. ಬೀರಪ್ಪ ಮುದುಕನ ಬಾಯಿಂದ ಹೇಳಿಕೆ ನುಡಿಸಿದ ಎಂದರು. ಮರುದಿನ ಬೆಳಿಗ್ಗೆ ತೆಂಗಿನಕಾಯಿ ಬಂದವು, ಹಿಂದೆಯೇ ನೋಟು ಬಂದವು. ನೋಟು ಬಂದ ಮೇಲೆ ಮಕ್ಕಳಿಗೆ ಅಪ್ಪ ಬೇಕಾದ. ಅವನೋ, ಬುದ್ಧಿ ನೆಟ್ಟಗಿದ್ದಾಗ ಮೈಮೇಲೆ ದೇವರು ಬರಿಸಿಕೊಳ್ಳುವವರನ್ನು ಕಂಡು, “ನಮಗ ಕುರಿ ಕಾಯೂದ ಐತೆಪಾ, ದೇವರು ಬರಾಕ ಪುರಸೊತ್ತಿಲ್ಲ,” ಎಂದು ನಗುತ್ತಿದ್ದ ಮನುಷ್ಯ.

ಅಪ್ಪ ಮರುದಿನವೇ ಮರಳಿದ್ದಾನೆಂದು ತಿಳಿದಿದ್ದ ಸಿದ್ದಕ್ಕನಿಗೆ ವಾರ ಕಳೆದ ಮೇಲೆ ಜಮಖಂಡಿಯಿಂದ ಫೋನ್ ಬಂತು. ಅಪ್ಪನ ಗುಳಿಗೆ ಅಲ್ಲೇ ಉಳಿದಿವೆ, ಮಂಚಕ್ಕಾಗಿ ಬೇರೆಯವರು ಕಾಯುತ್ತಿದ್ದಾರೆ, ನಾಳೆ ಕರೆತರದಿದ್ದರೆ ಅದು ಅವರಿಗೆ ಹೋಗುತ್ತದೆ. ಮಂಚ ಹೋದರೆ ಅಪ್ಪನಿಗೆ ಉಳಿಯುವುದು ಅದೇ ಕಂಬ, ಅದೇ ಹಗ್ಗ. ಸಿದ್ದಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಸ್ಸು ಹತ್ತಿದಳು.

ಅಪ್ಪನನ್ನು ಕಟ್ಟಿದ್ದ ಕೊಟ್ಟಿಗೆಯನ್ನೇ ಸಾರಿಸಿ ಕಂಬಳಿ ಹಾಸಿದ್ದರು. ಮೇಲೆ ಹಾಲಸಿದ್ದಪ್ಪ. ಹಣೆತುಂಬ ಭಂಡಾರದ ಅರಿಶಿನ, ಕೊರಳಲ್ಲಿ ಹಾರ. ಉಚ್ಚೆಯ ವಾಸನೆ ಮುಚ್ಚಲು ಊದಿನಕಡ್ಡಿಯ ಕಟ್ಟುಗಳನ್ನೇ ಸುಟ್ಟಿದ್ದರು. ಬೋರ್‌ವೆಲ್ ಹೊಡೆಸಲೋ ಬೇಡವೋ ಎಂದು ಒಬ್ಬ ಕೈಮುಗಿದು ಕೇಳಿದ.

“ಮರಿ ಹಾಲ ಕುಡದಾವೇನು?” ಎಂದ ಮುದುಕ.

“ನೀರ ಬೀಳತಾವ, ಹೊಡಸಂತಾನ,” ಎಂದು ಪಕ್ಕದಲ್ಲಿ ಕೂತ ಲಗಮಣ್ಣ ಅರ್ಥ ಬಿಡಿಸಿದ. ಆ ಮೂಢ ನೂರರ ನೋಟು ಹಾಕಿ, ಎದೆ ಉಬ್ಬಿಸಿಕೊಂಡು ಜನರ ನಡುವೆ ಹೋಗಿ ಕೂತ.

“ಧೋತರ ಹಸಿ ಆಗೇತಿ. ಗುಳಿಗಿ ಕೊಟ್ಟೀರೇನು?” ಎಂದಳು ಸಿದ್ದಕ್ಕ.

“ದೇವರಿಗೆ ಎಂಥಾ ಗುಳಿಗಿ ಬೇ? ಸುಮ್ನ ಕೂಡು,” ಎಂದ ಲಗಮಣ್ಣ.

“ಇನ್ನ ಅಪ್ಪನ್ನ ಬಿಟ್ಟಿರಾಕ ಆಗಂಗಿಲ್ಲ ಅಕ್ಕಾ,” ಎಂದು ಯಲ್ಲಾಲಿಂಗ ಒಣ ಕಣ್ಣು ಒರೆಸಿಕೊಂಡ.

ಉಗಿಯಬೇಕೆನಿಸಿತು ಅವಳಿಗೆ. ಆದರೆ ಸುತ್ತ ಊರೇ ಸೇರಿದೆ, ದೇವರ ವಿಷಯ, ಜಗಳಕ್ಕಿಳಿದರೆ ತನ್ನನ್ನೇ ಹೊರಗೆ ಹಾಕುತ್ತಾರೆ. ಬಾಗಿಲಾಚೆಯ ಬಿಸಿಲು ನೋಡಿದಳು. ಅಪ್ಪನಿಗೆ ಒಣ ಧೋತರ ಉಡಿಸಿದಳು, ನೀರು ಕುಡಿಸಿದಳು, ಪಕ್ಕದಲ್ಲೇ ಕೂತಳು. ತಂಗಿ ಬಗ್ಗಿದಳು ಎಂದುಕೊಂಡು ಲಗಮಣ್ಣ ಮೀಸೆ ತಿರುವಿದ.

ಸಂಜೆ ದೀಪ ಹಚ್ಚಿದರು. ಹಾಲಸಿದ್ದಪ್ಪ ಕಂಬಳಿಯಿಂದೆದ್ದು ನಿಂತ. “ಇಲ್ಲಿ ಮೇವು ಮುಗೀತು. ಹಟ್ಟಿ ಎತ್ರಿ, ಮುಂದ ನಡೀರಿ!”

ಹಿಂದಿನ ಸಂಜೆಗಳಂತೆ ಇದಕ್ಕೂ ಏನೋ ಅರ್ಥ ಹೇಳಲು ಲಗಮಣ್ಣ ಬಾಯಿ ತೆರೆದ, ಸಿದ್ದಕ್ಕ ಅದಕ್ಕಿಂತ ಮೊದಲು ಎದ್ದಿದ್ದಳು.

“ಕೇಳಿದ್ರೆಲ್ಲಾರೂ? ಇದಕ್ಕ ಅರ್ಥಾ ಬಿಡಸೂದು ಬ್ಯಾಡ. ಈ ಜಾಗಾ ಸಾಕು, ಹೊಂಡತೀನಿ ಅಂತಾನ. ದೇವರನ್ನ ತಡದು ಯಾರ ಮನಿ ಉಳದೈತ್ರಿ?”

ಬೋರ್‌ವೆಲ್ಲಿನವನೇ ಮೊದಲು ಹಿಂದೆ ಸರಿದು ದಾರಿ ಬಿಟ್ಟ. ಉಳಿದವರು ಕೈಮುಗಿದು ಸರಿದರು. ಅಣ್ಣತಮ್ಮಂದಿರು ಇಕ್ಕಟ್ಟಿಗೆ ಸಿಕ್ಕರು. ಅಪ್ಪ ದೇವರಲ್ಲ ಎಂದರೆ ವಾರವಿಡೀ ತಿಂದದ್ದು ಕಕ್ಕಬೇಕು, ದೇವರು ಎಂದರೆ ಕೈಬಿಡಬೇಕು. ಸಿದ್ದಕ್ಕ ಅಪ್ಪನ ಹೆಗಲಿಗೆ ಕಂಬಳಿ ಹೊದಿಸಿದಳು. ಅಷ್ಟರಲ್ಲಿ ಲಗಮಣ್ಣ ಕಾಣಿಕೆಯ ತಟ್ಟೆಯನ್ನು ಟವೆಲಿನ ಕೆಳಗೆ ಎಳೆದುಕೊಂಡ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

“ಯಣ್ಣಾ, ದೇವರು ಹೊಂಟಾನ,” ಎಂದಳು ಸಿದ್ದಕ್ಕ, ಎಲ್ಲರಿಗೂ ಕೇಳುವಂತೆ. “ದೇವರ ತಾಟ ಎಲ್ಲಿ?”

ಊರೆಲ್ಲ ಲಗಮಣ್ಣನ ಟವೆಲನ್ನೇ ನೋಡಿತು. ಅವನು ಹಲ್ಲು ಕಚ್ಚಿಕೊಂಡು ತಟ್ಟೆಯನ್ನು ತಂಗಿಯ ಉಡಿಗೆ ಸುರಿದ.

“ದೇವರು ಮತ್ತ ಯಾವಾಗ ಬರತಾನವ್ವಾ?” ಎಂದು ಒಬ್ಬ ಮುದುಕಿ ಕೇಳಿದಳು.

“ಜಮಖಂಡ್ಯಾಗ ಇರತಾನ. ತಿಂಗಳ ರೊಕ್ಕಾ ತುಂಬಾಕ ಬರ್ರಿ, ದರ್ಶನಾ ಕೊಡತಾನ,” ಎಂದು ಸಿದ್ದಕ್ಕ ನಡೆದಳು. ಈವರೆಗೆ ಒಬ್ಬರೂ ಬಂದಿಲ್ಲ.

ಮರುದಿನ ಬೆಳಿಗ್ಗೆ ಆರೈಕೆ ಮನೆಯ ಆಫೀಸಿನ ಹೆಣ್ಣುಮಗಳು ನೋಟುಗಳ ಮೇಲಿನ ಭಂಡಾರ ಝಾಡಿಸಿ ಎಣಿಸಿಕೊಂಡಳು. ಒಂದು ತಿಂಗಳಿಗೆ ಸಾಕಾಯಿತು. “ಪಾವತಿ ಯಾರ ಹೆಸರಲೆ ಬರೀಲಿರಿ? ಗಂಡಮಕ್ಕಳು ಕೊಟ್ಟಾರೇನ್ರಿ?”

“ಇಲ್ರಿ. ಬೀರಪ್ಪ ಕೊಟ್ಟಾನ. ಅವನ ಹೆಸರ ಬರೀರಿ.”

ಅಂದು ಒಲೆಯನ್ನು ಅನಸವ್ವನಿಗೆ ಒಪ್ಪಿಸಿ ಅವಳು ಸಂಜೆಯವರೆಗೂ ಅಪ್ಪನ ಹತ್ತಿರ ಕೂತಳು. ದೀಪ ಹತ್ತಿದವು. ಮುದುಕ ಮಂಚದಿಂದೆದ್ದ. “ಇಲ್ಲಿ ಮೇವು ಮುಗೀತು.”

“ಇಲ್ಲ ಯಪ್ಪಾ, ಇನ್ನೊಂದು ತಿಂಗಳದ್ದು ಐತಿ,” ಎಂದು ಸಿದ್ದಕ್ಕ ಅವನ ಕೈ ಹಿಡಿದಳು.

ಮುದುಕ ಅವಳ ಮುಖ ನೋಡಿದ. ಯಾರೆಂದು ಗೊತ್ತಾಗಲಿಲ್ಲ. ಆದರೂ ಕುರಿಗಾರ ಕುರಿಗಾರನನ್ನು ಕೇಳುವಂತೆ ಕೇಳಿದ: “ಆಮ್ಯಾಲ?”

“ಆಮ್ಯಾಲಿಂದಕ್ಕ ನಾ ರೊಟ್ಟಿ ಬಡೀತೀನಿ. ನೀ ಕೂಡು.”