ಓರಗಿತ್ತಿ ಹೂಗಳು

ಹೆತ್ತವರು ಇಟ್ಟ ಹೆಸರೊಂದು ಆಕೆಗೂ ಇತ್ತು. ಕಚೇರಿಯಲ್ಲಿ ಮಾತ್ರ ಬೆನ್ನ ಹಿಂದೆ ಎಲ್ಲರಿಗೂ ಆಕೆ ‘ಭೂತಗನ್ನಡಿ’. ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟ ಆ ಗಾಜು ಊಟಕ್ಕೆ ಕೂತಾಗಲೂ ಎದೆಯ ಮೇಲೇ ಇರುತ್ತಿತ್ತು. ಒಮ್ಮೆ ಜವಾನ ತಂದ ಚಹದಲ್ಲಿ ಬಿದ್ದದ್ದು ಇರುವೆಯೋ ಗೆದ್ದಲೋ ಎಂದು ಅದರಲ್ಲೇ ನೋಡಿ ತೀರ್ಪು ಕೊಟ್ಟಿದ್ದಳಂತೆ. ತೀರ್ಪು ಬರುವಷ್ಟರಲ್ಲಿ ಚಹ ಆರಿತ್ತು.

ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಬ್ಬಿಣದ ಬೀರುಗಳಲ್ಲಿ ಕಾಪಾಡುವ ಸಂಗ್ರಹಾಲಯ ಅದು. ಆರ್ಕಿಡ್‌ಗಳ ಬೀರುಗಳು ಆಕೆಯ ಪಾಲಿನವು. ಯಾವ ಗಿಡ ಯಾವ ಕುಲದ್ದು ಎಂದು ಗುರುತಿಸಬೇಕು, ತಪ್ಪು ಕುಲದಲ್ಲಿ ಹೋಗಿ ಕೂತದ್ದನ್ನು ಎಬ್ಬಿಸಿ ಸರಿಯಾದ ಕಡೆ ಕೂರಿಸಬೇಕು. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುತ್ತಿದ್ದವು ಡೆಂಡ್ರೋಬಿಯಂ ಮತ್ತು ಎರಿಯಾ ಎಂಬ ಎರಡು ಕುಲಗಳು. ಅದೇ ಊದಿದ ಕಾಂಡ, ಅದೇ ಎಲೆ. ಒಣಗಿದ ಮೇಲಂತೂ ಎರಡೂ ಒಂದೇ ಕಂದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ಈ ಎರಡನ್ನು ನೋಡಿದ್ದರೆ ಬೀರುವಿನ ಬಾಗಿಲು ಮುಚ್ಚಿ ಮನೆಗೆ ಹೋಗುತ್ತಿದ್ದ. ಹೂವೊಂದನ್ನು ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಅದರ ನಡುವಿನ ಸಣ್ಣ ಟೋಪಿಯನ್ನು ಸೂಜಿಮೊನೆಯಿಂದ ಎತ್ತಿ ಒಳಗೆ ನೋಡಬೇಕು. ಪರಾಗ ಅಲ್ಲಿ ಪುಡಿಯಾಗಿರದೆ ಉಂಡೆಯಾಗಿ ಕೂತಿರುತ್ತದೆ. ನಾಲ್ಕು ಉಂಡೆಯಿದ್ದರೆ ಡೆಂಡ್ರೋಬಿಯಂ, ಎಂಟಿದ್ದರೆ ಎರಿಯಾ.

ಇವೆರಡನ್ನು ಆಕೆ ‘ಓರಗಿತ್ತಿ ಹೂಗಳು’ ಎಂದು ಕರೆಯುತ್ತಿದ್ದಳು. ಮನೆಯಲ್ಲಿ ಆಕೆಗೂ ಒಬ್ಬ ಓರಗಿತ್ತಿ ಇದ್ದಳು, ಮೈದುನನ ಹೆಂಡತಿ. ಅವಳಿಗೆ ಈ ಮಾತು ಕೇಳಿ ನಗು ತಡೆಯಲಾಗಿರಲಿಲ್ಲ.

“ಹಾಗಾದ್ರೆ ಅಕ್ಕ, ನಮ್ಮಿಬ್ಬರಲ್ಲಿ ನಾಲ್ಕು ಯಾರು, ಎಂಟು ಯಾರು?”

“ನೀನೇ ಎಂಟು. ಬಾಯಿ ನೋಡಿದ್ರೆ ಸಾಕು, ಟೋಪಿ ಎತ್ತೋದೂ ಬೇಡ.”

ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುತ್ತಾರೆ. ಆ ಮನೆಯಲ್ಲಿ ಸೇರಿದ್ದವು. ಒಬ್ಬಳು ಪಾತ್ರೆ ತೊಳೆದರೆ ಇನ್ನೊಬ್ಬಳು ಒರೆಸಿಡುವುದು, ಇಬ್ಬರೂ ಸೇರಿ ಗಂಡಂದಿರನ್ನು ಆಡಿಕೊಳ್ಳುವುದು ನಡೆದೇ ಇತ್ತು. ಆಮೇಲೆ ಜ್ವರವೆಂದು ಆಸ್ಪತ್ರೆಗೆ ಹೋದ ಓರಗಿತ್ತಿ ತಿರುಗಿ ಬರಲಿಲ್ಲ.

ಭೂತಗನ್ನಡಿ ಅಳಲಿಲ್ಲ. ಕರುಳು ಕಲ್ಲು ಎಂದರು ಪಕ್ಕದ ಮನೆಯವರು. ಕಲ್ಲಾಗಿದ್ದರೆ ಭಾರವಾದರೂ ತಿಳಿಯುತ್ತಿತ್ತು. ಆಕೆಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ತೊಳೆದ ಪಾತ್ರೆಯನ್ನು ಒರೆಸಲು ಪಕ್ಕಕ್ಕೆ ಚಾಚುತ್ತಿದ್ದಳು, ತೆಗೆದುಕೊಳ್ಳುವ ಕೈ ಇಲ್ಲದಾಗ ತಾನೇ ಒರೆಸಿಡುತ್ತಿದ್ದಳು.

ಓರಗಿತ್ತಿಗೆ ಒಬ್ಬಳೇ ಮಗಳು, ಆಗಿನ್ನೂ ಹಾಲುಹಲ್ಲು ಅಲ್ಲಾಡುವ ವಯಸ್ಸು. ಲಾರಿ ಓಡಿಸುವ ಮೈದುನ ಮನೆಯಲ್ಲಿದ್ದುದಕ್ಕಿಂತ ರಸ್ತೆಯ ಮೇಲಿದ್ದುದೇ ಹೆಚ್ಚು. ಸ್ವಂತ ಮಕ್ಕಳಿಲ್ಲದ ಭೂತಗನ್ನಡಿಯೇ ಹುಡುಗಿಯ ತಲೆ ಬಾಚಿದಳು, ಉಗುರು ಕತ್ತರಿಸಿದಳು, ಪಕ್ಕದಲ್ಲಿ ಮಲಗಿಸಿಕೊಂಡಳು. ಯಾವುದರಲ್ಲೂ ಕಡಿಮೆ ಮಾಡಲಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹುಡುಗಿ, “ಅಮ್ಮ, ನೀರು,” ಎಂದಳು.

ಕೈ ಲೋಟದ ಕಡೆ ಹೋಯಿತು. ಬಾಯಿ ತನ್ನ ಅಭ್ಯಾಸದಂತೆ ತಿದ್ದಿತು. “ಅಮ್ಮ ಅಲ್ಲ ಪುಟ್ಟಿ, ದೊಡ್ಡಮ್ಮ.”

ಗದರಿದ್ದಲ್ಲ. ತಪ್ಪು ಹೆಸರು ಕಿವಿಗೆ ಬಿದ್ದರೆ ಸಂಗ್ರಹಾಲಯದ ನಿರ್ದೇಶಕರನ್ನೇ ಬಿಡದವಳು. ಅದೂ ಅಲ್ಲದೆ ಅಮ್ಮ ಎನ್ನುವುದು ಓರಗಿತ್ತಿಯ ಜಾಗ, ಅಲ್ಲಿ ಇನ್ನೊಬ್ಬರು ಹೋಗಿ ಕೂರುವುದೆಂದರೇನು. ಹುಡುಗಿ ನೀರು ಕುಡಿದು ಲೋಟ ಕೆಳಗಿಟ್ಟಳು. ಅವತ್ತಿನಿಂದ ಅವಳು ದೊಡ್ಡಮ್ಮನನ್ನು ಏನೆಂದೂ ಕರೆಯಲಿಲ್ಲ. “ಹಸಿವಾಗ್ತಿದೆ” ಎಂದು ಗೋಡೆಗೆ ಹೇಳುತ್ತಿದ್ದಳು. ಏನಾದರೂ ತೋರಿಸಬೇಕಾದರೆ ಬಂದು ಸೆರಗು ಜಗ್ಗುತ್ತಿದ್ದಳು.

ಇದನ್ನು ಮೊದಲು ಗಮನಿಸಿದವನು ಗಂಡ. “ಮಗು ನಿನ್ನನ್ನ ಏನಂತಲೂ ಕರೆಯಲ್ವಲ್ಲ?”

“ತಪ್ಪು ಕರೆದ್ಲು, ತಿದ್ದಿದೆ.”

“ಅವಳೇನು ನಿನ್ನ ಬೀರುವಿನ ಹಾಳೇನಾ?” ಅವನು ದಿಂಬುಗಳನ್ನು ಒಂದರ ಮೇಲೊಂದು ಇಟ್ಟ. “ತಮ್ಮ ಬಂದಾಗ ಅವಳನ್ನ ಅವಳಜ್ಜಿ ಮನೆಗೆ ಕಳಿಸಿಬಿಡೋಣ. ಕರೆಯೋಕೂ ಯಾರೂ ಇಲ್ಲದ ಕಡೆ ಮಗು ಬೆಳೆಯೋದು ಹೇಗೆ?”

“ಆಗ್ಲಿ,” ಎಂದಳು ಆಕೆ, ಹೊದಿಕೆ ಮಡಿಸುತ್ತಾ. ಅಂಚಿಗೆ ಅಂಚು ಸರಿಯಾಗಿ ಕೂತಿತು.

ಮೈದುನ ಬರುವ ಹಿಂದಿನ ದಿನ ಶಾಲೆಗೆ ರಜೆ. ಹುಡುಗಿಯನ್ನು ಕೆಲಸಕ್ಕೆ ಕರೆದುಕೊಂಡು ಹೋಗಿ ಎತ್ತರದ ಸ್ಟೂಲಿನ ಮೇಲೆ ಕೂರಿಸಿದಳು. ಗಾಜಿನ ಬಟ್ಟಲಲ್ಲಿ ಒಂದು ಹೂವು ನೆನೆಯುತ್ತಿತ್ತು. ಅದರ ಟೋಪಿ ಎತ್ತಿ, ಸೂಕ್ಷ್ಮದರ್ಶಕವನ್ನು ಹುಡುಗಿಯ ಕಣ್ಣಿಗೆ ಹೊಂದಿಸಿ, “ಎಣಿಸು,” ಎಂದಳು.

ಹುಡುಗಿ ತುಟಿ ಅಲ್ಲಾಡಿಸಿ ಎಣಿಸಿದಳು. “ಎಂಟು.”

ಆ ಗಿಡದ ಹಾಳೆಯ ಮೇಲಿನ ಚೀಟಿಯಲ್ಲಿ ಡೆಂಡ್ರೋಬಿಯಂ ಎಂದಿತ್ತು. ಭೂತಗನ್ನಡಿ ಚಿಕ್ಕ ಚೀಟಿಯಲ್ಲಿ ಎರಿಯಾ ಎಂದು ಬರೆದು ಗೋಂದು ಹಚ್ಚಿದಳು.

“ಹಳೇ ಚೀಟಿ ಕೀಳಲ್ವಾ?”

“ಕೀಳೋ ಹಾಗಿಲ್ಲ. ಅದನ್ನೂ ಯಾರೋ ನೋಡಿಯೇ ಬರೆದಿರ್ತಾರೆ. ಹೊಸದನ್ನ ಪಕ್ಕದಲ್ಲಿ ಅಂಟಿಸ್ತೀವಿ.”

“ಜಗಳ ಆಡಲ್ವಾ ಎರಡೂ?”

“ಇಲ್ಲ,” ಎಂದು ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಈ ನಿಯಮವನ್ನು ಆಕೆ ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಹೇಳಿಕೊಟ್ಟಿದ್ದಳು. ಹೇಳುವಾಗ ತನ್ನ ಕಿವಿಗೇ ಬಿದ್ದದ್ದು ಇವತ್ತೇ.

ಸಂಜೆ ಹೊರಡುವಾಗ ಹುಡುಗಿ ಮುಂದೆ ಓಡಿದಳು. ಹೊರಬಾಗಿಲಿನ ಕೆಳಗಿದ್ದ ಕಬ್ಬಿಣದ ಪಟ್ಟಿಗೆ ಅವಳ ಕಾಲು ಎಡವಿತು. ಚಪ್ಪಲಿಯಿಂದ ಹೊರಗಿದ್ದ ಹೆಬ್ಬೆರಳು ಒಡೆದು ರಕ್ತ ಬಂತು. ನೋವಾದರೆ ಮುದುಕರ ಬಾಯಲ್ಲೂ ಬರುವ ಮಾತು ಒಂದೇ. ಹುಡುಗಿಯ ಬಾಯಲ್ಲೂ ಅದೇ ಬಂತು. “ಅ...” ಎಂದವಳು ಅಲ್ಲೇ ನುಂಗಿಕೊಂಡಳು. ದೊಡ್ಡಮ್ಮನ ಮುಖ ನೋಡಿದಳು. ಉಸಿರೆಳೆದುಕೊಂಡು, ಪಾಠ ಒಪ್ಪಿಸುವವಳ ಹಾಗೆ, “ದೊಡ್ಡಮ್ಮಾ,” ಎಂದು ಅತ್ತಳು.

ನೋವಿಗೆ ಹಾಗೆ ಕೂಗಿದವರನ್ನು ಭೂತಗನ್ನಡಿ ಈ ಜನ್ಮದಲ್ಲಿ ಕೇಳಿರಲಿಲ್ಲ. ಹೆಸರು ಸರಿಯಾಗಿತ್ತು. ಒಂದಕ್ಷರವೂ ತಪ್ಪಿರಲಿಲ್ಲ. ಓರಗಿತ್ತಿ ಹೋದ ಮೇಲೆ ಮೊದಲ ಸಲ ಆಕೆಗೆ ನೋವಾಯಿತು, ಬಹಳ ನೋವಾಯಿತು. ಮೆಟ್ಟಿಲ ಮೇಲೆ ಕೂತು, ಒಡೆದ ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದಳು. ಕುತ್ತಿಗೆಯ ಗಾಜು ಮಗುವಿನ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ಬೆನ್ನ ಹಿಂದಕ್ಕೆ ತಳ್ಳಿದಳು.

“ನೋವಾದಾಗ ಹಾಗನ್ನಬಾರದು ಪುಟ್ಟಿ.”

“ಮತ್ತೆ ಏನನ್ನಬೇಕು?”

“ಬಾಯಿಗೆ ಮೊದಲು ಏನು ಬಂತೋ ಅದು.”

ಹುಡುಗಿ ನಂಬಲಿಲ್ಲ. ಒದ್ದೆ ಕಣ್ಣಲ್ಲೇ ಅಳೆದು ನೋಡಿದಳು. ತಪ್ಪಾದರೆ ವಾಪಸು ತೆಗೆದುಕೊಳ್ಳಬಹುದು ಎನ್ನುವಷ್ಟು ಮೆಲ್ಲಗೆ, “ಅಮ್ಮಾ,” ಎಂದಳು.

“ಓ,” ಎಂದಳು ಆಕೆ.