ಗೋಡೆಯಾಚೆಯ ವಿದ್ಯಾರ್ಥಿ

ನಾನು ಬಿ.ಎ. ಓದಿದ್ದು ಕಣ್ಣಿನಿಂದಲ್ಲ, ಗಂಟಲಿನಿಂದ. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಚರಿತ್ರೆಯಲ್ಲಿ ಪದವಿ ಪಡೆದವನು ಅಂತ ಗೊತ್ತಾದರೆ ಕೆಲವರು ನನ್ನನ್ನು ಗೌರವದಿಂದ ನೋಡುತ್ತಾರೆ. ಪಾಪ, ಅವರಿಗೆ ನಿರಾಶೆ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ತಪ್ಪೆಲ್ಲ ಅಪ್ಪನದು ಅಂತ ಮೊದಲೇ ಹೇಳಿಬಿಡುತ್ತೇನೆ. ಬಸವಾಪಟ್ಟಣದ ನಮ್ಮ ಮನೆಯ ಮುಂಭಾಗವೇ ಅವನ ಕಿರಾಣಿ ಅಂಗಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪನ ಪ್ರಕಾರ ಓದು ಅಂದರೆ ಅಂಗಡಿಗೆ ಕೇಳಬೇಕು. ಮನಸ್ಸಿನಲ್ಲೇ ಓದಿಕೊಳ್ಳುವುದೆಂದರೆ ಮನಸ್ಸಿನಲ್ಲೇ ಉಂಡ ಹಾಗೆ. ಹೀಗಾಗಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ದಿನಾ ಸಂಜೆ ಚನ್ನಗಿರಿಯ ಕಾಲೇಜಿನಿಂದ ಬಸ್ಸಿನಲ್ಲಿ ಬಂದಿಳಿದವನು ನಡುಮನೆಯಲ್ಲಿ ಕೂತು ಯುರೋಪಿನ ಚರಿತ್ರೆಯನ್ನು ಕೂಗಬೇಕಿತ್ತು. ದನಿ ನಿಂತರೆ ಅಪ್ಪ ಬೇಳೆ ತೂಗುತ್ತಲೇ ಒಮ್ಮೆ ಕೆಮ್ಮುತ್ತಿದ್ದ.

ನಮ್ಮ ಹಿರಿಯರು ವಿದ್ವಾಂಸನನ್ನು ಬಹುಶ್ರುತ ಅಂತ ಕರೆದರು. ಬಹಳ ಕೇಳಿದವನು ಎಂದು ಅದರ ಅರ್ಥ, ಬಹಳ ಕೂಗಿದವನು ಎಂದಲ್ಲ. ಈ ವ್ಯತ್ಯಾಸ ಅಪ್ಪನಿಗೆ ತಿಳಿಯದಿದ್ದದ್ದು ನನಗೆ ಅನುಕೂಲವೇ ಆಯಿತು. ಒಂದು ಪುಟವನ್ನು ಬಾಯಿಪಾಠ ಮಾಡಿಬಿಟ್ಟರೆ ಸಂಜೆಯೆಲ್ಲ ಅದನ್ನೇ ತಿರುಗಿಸಿ ತಿರುಗಿಸಿ ಹೇಳಬಹುದು ಅಂತ ಕಂಡುಕೊಂಡೆ. ಬಾಯಿ ಯುರೋಪಿನಲ್ಲಿ ದುಡಿಯುತ್ತಿರುವಾಗ ಮನಸ್ಸು ಆರಾಮಾಗಿ ಚನ್ನಗಿರಿಯ ಟಾಕೀಸಿನಲ್ಲಿ ಕೂತಿರುತ್ತಿತ್ತು. ಅಪ್ಪ ಗಿರಾಕಿಗಳ ಹತ್ತಿರ ನನ್ನ ದನಿಯ ಕಡೆ ಕೈ ತೋರಿಸಿ ಹೆಮ್ಮೆಪಡುತ್ತಿದ್ದ. ನನಗೆ ನಾಚಿಕೆಯಾಗುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಆಗುತ್ತಿತ್ತು, ಆದರೆ ಹೆಚ್ಚು ಹೊತ್ತು ಇರುತ್ತಿರಲಿಲ್ಲ.

ಇಷ್ಟು ಜೋರಾಗಿ ಓದಿದವನು ಕೊನೆಯ ವರ್ಷ ಯುರೋಪಿನ ಚರಿತ್ರೆಯೊಂದರಲ್ಲೇ ಫೇಲಾದೆ. ಅಪ್ಪ ಬೈಯಲಿಲ್ಲ. ಅಷ್ಟು ಓದಿದರೂ ಹೀಗಾಯಿತಲ್ಲ ಅಂತ ನನ್ನ ಮೇಲೆ ಕನಿಕರಪಟ್ಟ, ಅದೇ ಹೆಚ್ಚು ಚುಚ್ಚಿತು. ಆಮೇಲೆ ಇನ್ನೊಂದು ಸಲ ಕಟ್ಟು, ಅದೂ ಆಗದಿದ್ದರೆ ನಿನಗೆ ತಕ್ಕಡಿಯೇ ಸರಿ ಅಂದ. ತಕ್ಕಡಿ ಹಿಡಿಯುವುದು ಕೀಳೇನಲ್ಲ. ಆದರೆ ಅಪ್ಪನ ಪಕ್ಕದಲ್ಲಿ ಜನ್ಮವಿಡೀ ಕೂತು ಅವನ ಕೆಮ್ಮು ಕೇಳುವ ಯೋಚನೆ ಬಂದದ್ದೇ ತಡ, ಪರೀಕ್ಷೆಯ ಫೀಸು ಕಟ್ಟಿಬಂದೆ.

ಆದರೂ ಹಳೆಯ ಚಾಳಿ ಬಿಡಲಿಲ್ಲ. ಫ್ರಾನ್ಸಿನ ಚಕ್ರವರ್ತಿ ರಷ್ಯಾದ ಮೇಲೆ ದಂಡೆತ್ತಿ ಹೋದ ಪುಟವನ್ನು ಹಿಡಿದು ಕೂತೆ. ಮೂರು ಸಂಜೆ ಅದೇ ಪುಟ. ನಾಲ್ಕನೆಯ ದಿನ ಬೆಳಿಗ್ಗೆ, ಮತ್ತೆ ಹಳೆಯ ಕ್ಲಾಸಿನಲ್ಲೇ ಕೂರಲು ಬಸ್ಸಿಗೆ ಹೊರಟಾಗ ಪಕ್ಕದ ಮನೆಯ ಟೈಲರ್ ದಾದಾಪೀರ್ ಸಾಬರು ಕೊರಳಿಗೆ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಮಿಷಿನ್ನಿಗೂ ನಮ್ಮ ನಡುಮನೆಗೂ ನಡುವೆ ಒಂದೇ ಗೋಡೆ, ಅದೂ ಹೆಂಚಿನವರೆಗೆ ಏರದ ಗೋಡೆ.

“ಏನಪ್ಪಾ, ಮೂರು ದಿನ ಆತು, ನಿಮ್ಮ ಫ್ರಾನ್ಸಿನ ದೊರೆ ಇನ್ನೂ ಹಿಮದಾಗೇ ನಿಂತಾನೆ,” ಅಂದರು. “ಮುಂದಕ್ಕೆ ಹೋಗಾಕೆ ಬಿಡ್ತೀಯೋ, ಇಲ್ಲ ನಿಮ್ಮಪ್ಪನ್ನೇ ಕೇಳ್ಲೋ?”

ಬಸ್ಸು ತಪ್ಪಿದರೂ ಚಿಂತೆಯಿಲ್ಲ ಅಂತ ಅವರ ಕೈ ಹಿಡಿದುಕೊಂಡೆ. ಅಪ್ಪನಿಗೆ ಹೇಳುವುದಿಲ್ಲ, ಆದರೆ ದಿನಾ ಕಥೆ ಮುಂದಕ್ಕೆ ಹೋಗಬೇಕು ಅಂತ ಸಾಬರು ಕರಾರು ಹಾಕಿದರು. ಅಂದಿನಿಂದ ನನಗೆ ಇಬ್ಬರು ಕಾವಲುಗಾರರು. ಓದು ನಿಂತರೆ ಅಂಗಡಿಯಲ್ಲಿ ಕೆಮ್ಮು, ಪುಟ ನಿಂತರೆ ಮರುದಿನ ಬಾಗಿಲಲ್ಲಿ ಸಾಬರು. ಸಾಲದ್ದಕ್ಕೆ ಅವರ ಪ್ರಶ್ನೆಗಳು ಬೇರೆ. ಅಷ್ಟು ಚಳಿಯ ದೇಶಕ್ಕೆ ಹೊರಟವನು ಸಿಪಾಯಿಗಳಿಗೆ ದಪ್ಪ ಕೋಟು ಹೊಲಿಸಿರಲಿಲ್ಲವೇ ಅಂತ ಒಂದು ದಿನ ಕೇಳಿದರು. ನನ್ನ ನೋಟ್ಸಿನಲ್ಲಿ ಸೋಲಿಗೆ ಆರು ಕಾರಣಗಳಿದ್ದವು, ಕೋಟಿನ ಸುದ್ದಿಯೇ ಇರಲಿಲ್ಲ. ಉತ್ತರ ಕೊಡದೆ ಆ ಬಾಗಿಲು ದಾಟುವ ಹಾಗಿಲ್ಲವಾದ್ದರಿಂದ ಮೊದಲ ಬಾರಿಗೆ ಕಾಲೇಜಿನ ಲೈಬ್ರರಿಗೆ ಹೋಗಿ ಹುಡುಕಿದೆ. ಎಷ್ಟೋ ಜನ ಬೇಸಿಗೆಯ ಬಟ್ಟೆಯಲ್ಲೇ ಹೋಗಿದ್ದರಂತೆ ಅಂತ ಹೇಳಿದಾಗ ಸಾಬರು ಸ್ವಂತ ತಮ್ಮಂದಿರ ಸುದ್ದಿ ಕೇಳಿದವರಂತೆ ಕೊರಳ ಟೇಪು ತೆಗೆದಿಟ್ಟರು.

ಇಟಲಿಯ ಪಾಠದಲ್ಲಿ, ಚೂರುಚೂರಾದ ದೇಶವನ್ನು ಒಂದುಮಾಡಲು ಹೊರಟ ಕೆಂಪಂಗಿಯವರ ದಂಡು ಬಂದಾಗಲಂತೂ ಗೋಡೆಯಾಚೆ ಮಿಷಿನ್ನು ನಿಂತೇಹೋಯಿತು. ಸಾವಿರ ಜನಕ್ಕೆ ಒಂದೇ ಬಣ್ಣದ ಅಂಗಿ ಹೊಲಿದವನು ಯಾರು ಅಂತ ಅವರಿಗೆ ಕುತೂಹಲ. ಆದರೆ ಇಟಲಿಯ ಪ್ರಶ್ನೆ ಹಿಂದಿನ ಪರೀಕ್ಷೆಯಲ್ಲೇ ಬಂದುಹೋಗಿದೆ, ಮತ್ತೆ ಬರುವುದಿಲ್ಲ ಅಂತ ಗೆಳೆಯನೊಬ್ಬ ನೆನಪಿಸಿದ. ಪರೀಕ್ಷೆಗೆ ಹತ್ತೇ ದಿನ. ಕೆಂಪಂಗಿಯವರು ಹಡಗು ಹತ್ತಿದ ಕಡೆ ಪುಸ್ತಕ ಮಡಚಿ ಜರ್ಮನಿಗೆ ಹಾರಿದೆ. ಪರೀಕ್ಷೆ ಹತ್ತಿರ ಬಂದಿದೆ ಅಂತ ಸಾಬರೂ ಕರಾರನ್ನು ಸಡಿಲಿಸಿದರು.

ಪರೀಕ್ಷೆಯಲ್ಲಿ ರಷ್ಯಾದ ಪ್ರಶ್ನೆಯೇ ಬಂತು. ಆರು ಕಾರಣಗಳಲ್ಲಿ ನಾಲ್ಕು ಮರೆತಿದ್ದವು. ಕೋಟು ಮರೆತಿರಲಿಲ್ಲ. ಎರಡು ಪುಟ ಬರೀ ಚಳಿಯನ್ನೇ ಬರೆದೆ. ದಡ ಮುಟ್ಟುವಷ್ಟು ಅಂಕ ಬಂದವು. ಅಪ್ಪ ಬಂದ ಗಿರಾಕಿಗಳಿಗೆಲ್ಲ ಬೆಲ್ಲ ಹಂಚಿ, ನೋಡಿದ್ರಾ, ಓದು ಅಂದ್ರೆ ಕೇಳಬೇಕು ಅಂತ ತನ್ನ ಸಿದ್ಧಾಂತವನ್ನೇ ಗೆಲ್ಲಿಸಿಕೊಂಡ.

ಬೆಲ್ಲ ಹಿಡಿದು ಸಾಬರ ಹತ್ತಿರ ಹೋದೆ. ಓದು ಮುಗಿಯಿತು, ಪುಸ್ತಕಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದೆ. ಅವರು ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

“ಮುಗೀತು ಅಂದ್ರೆ ಹೆಂಗೆ?” ಅಂದರು. “ಆ ಕೆಂಪಂಗಿಯೋರು ಹಡಗು ಹತ್ತಿದ್ರಲ್ಲಪ್ಪಾ, ಇಳಿದ್ರೋ ಇಲ್ವೋ?”

ನನಗೆ ಗೊತ್ತಿರಲಿಲ್ಲ. ಪದವೀಧರನಾಗಿ ಅವರ ಮುಂದೆ ನಿಂತಿದ್ದೆ, ನಿಜವಾಗಿ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಈ ಸಲ ಬಹಳ ಹೊತ್ತು ಇತ್ತು.

ಆ ಸಂಜೆ ನಡುಮನೆಯಲ್ಲಿ ಕೂತು ಮಡಚಿಟ್ಟ ಪುಟ ಬಿಚ್ಚಿದೆ. ಪಾಸಾದ ಮೇಲೂ ಯಾಕೋ ಓದ್ತೀಯ ಅಂತ ಅಪ್ಪ ಅಂಗಡಿಯಿಂದಲೇ ಕೇಳಿದ. ದನಿ ಏರಿಸಿ ಓದತೊಡಗಿದೆ. ಗೋಡೆಯಾಚೆ ಮಿಷಿನ್ನು ನಿಂತಿತ್ತು. ಹಡಗು ದಡ ಸೇರುತ್ತದೋ ಇಲ್ಲವೋ ಅಂತ ನನಗೂ ಆತಂಕವಾಗತೊಡಗಿತು, ಪುಟ ತಿರುವಿದೆ. ನಾನು ಚರಿತ್ರೆ ಓದಲು ಶುರು ಮಾಡಿದ್ದು ಅವತ್ತೇ, ಬಿ.ಎ. ಮುಗಿದ ದಿನ.