ತಮ್ಮನ ಹೆಸರಿನ ಕುಂಡ

ಆ ಊರಿನಲ್ಲಿ ಯಾರಿಗೆ ಯಾರ ಮೇಲೆ ಎಷ್ಟು ಪ್ರೀತಿ, ಎಷ್ಟು ಮುನಿಸು ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಕುಂಡದಕ್ಕನಿಗೆ. ಹೊಳೆ ದಂಡೆಯ ಪುಟ್ಟ ಊರು. ಮಗು ಹುಟ್ಟಿದರೆ, ಹೊಸ ಮನೆಗೆ ಹೋದರೆ, ಯಾರಾದರೂ ಆಸ್ಪತ್ರೆಯಿಂದ ವಾಪಸು ಬಂದರೆ, ಕೊನೆಗೆ ಜಗಳವಾಡಿ ರಾಜಿಯಾಗಬೇಕೆಂದರೂ ಅಲ್ಲಿನವರು ಹೂವಿನ ಕುಂಡ ಕಳಿಸುತ್ತಿದ್ದರು. ಕಿತ್ತ ಹೂವಾದರೆ ಮೂರು ದಿನಕ್ಕೆ ಬಾಡಿ ಕಸದ ಬುಟ್ಟಿ ಸೇರುತ್ತದೆ. ಕುಂಡವಾದರೆ ಕಿಟಕಿಯಲ್ಲಿ ಕೂತು, ಹೋಗಿ ಬರುವವರಿಗೆಲ್ಲ ಕಳಿಸಿದವರ ಹೆಸರು ಹೇಳುತ್ತಿರುತ್ತದೆ. ಜನರಿಗೆ ಬೇಕಾದದ್ದೂ ಅದೇ ತಾನೆ. ಸೇತುವೆ ಬುಡದ ಹೂವಿನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಆ ಕುಂಡಗಳನ್ನು ಜೋಡಿಸುತ್ತ ಬಂದವಳು ಇವಳು. ಅವಳ ಸ್ವಂತ ಹೆಸರು ಏನೆಂದು ಕೇಳಿದರೆ ಅಂಗಡಿ ಯಜಮಾನರೂ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕಾಗಿತ್ತು.

ಕೆಲಸ ನೋಡುವವರಿಗೆ ಸುಲಭ. ಅಗಲ ಬಾಯಿಯ ಒಂದು ಕುಂಡ, ಅದರಲ್ಲಿ ಐದಾರು ಗಿಡ. ಹಿಂದೆ ಎತ್ತರದ್ದು, ನಡುವೆ ಮೈ ತುಂಬಿಕೊಂಡದ್ದು, ಅಂಚಿನಲ್ಲಿ ಕೆಳಗಿಳಿಯುವ ಬಳ್ಳಿ. ಆದರೆ ಬೇರಿನ ಗೋಜಲು ಬಿಡಿಸಿ, ಒಂದರ ಬೇರು ಇನ್ನೊಂದರ ಕತ್ತು ಹಿಸುಕದ ಹಾಗೆ ಕೂರಿಸಿ, ಮೇಲೆ ಹಸಿ ಪಾಚಿ ಹೊದಿಸುವುದು ಎಲ್ಲರ ಕೈಗೂ ಬರುವಂಥದ್ದಲ್ಲ. ಪ್ರತಿ ಕುಂಡಕ್ಕೂ ಒಂದು ಮುಖ, ಒಂದು ಬೆನ್ನು. ಸೊರಗಿದ ಎಲೆ, ಮುರಿದ ಕಡ್ಡಿಯೆಲ್ಲ ಬೆನ್ನಿನ ಕಡೆಗೆ. ಮುಖದ ಕಡೆ ಕಾರ್ಡು.

ಕಾರ್ಡು ಬರೆಯುವವಳೂ ಅವಳೇ. ಕಳಿಸುವವರು ಫೋನಿನಲ್ಲಿ ಹೇಳುತ್ತಿದ್ದರು, ಇವಳು ತನ್ನ ಗುಂಡಗಿನ ಅಕ್ಷರದಲ್ಲಿ ಬರೆದು ಸಿಕ್ಕಿಸುತ್ತಿದ್ದಳು. ಅರ್ಧಕ್ಕರ್ಧ ಜನ ಹೇಳುವ ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. "ಏನಾದ್ರೂ ಚೆನ್ನಾಗಿರೋದು ಬರೆದುಬಿಡಿ ಅಕ್ಕಾ" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಹೀಗಾಗಿ ಊರಿನ ಗಂಡಂದಿರೆಲ್ಲ ತಂತಮ್ಮ ಹೆಂಡತಿಯರ ಹತ್ತಿರ ಒಂದೇ ಅಕ್ಷರದಲ್ಲಿ ತಪ್ಪೊಪ್ಪಿಕೊಂಡಿದ್ದರು. ಯಾರಿಗೂ ಅದು ವಿಚಿತ್ರವೆನಿಸಿರಲಿಲ್ಲ. ಕಾರ್ಡಿನ ಕೆಳಗೆ ಯಾರ ಹೆಸರಿದೆಯೋ ಅವರು ಕಳಿಸಿದ್ದು. ಬರೆದ ಕೈ ಯಾರದಾದರೇನು?

ಅಂಗಡಿ ಹಿಂದಿನ ಓಣಿಯಲ್ಲಿ ಅವಳ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿ ಪಕ್ಕ ಅಮ್ಮನ ಮಂಚ. ಅಮ್ಮನಿಗೆ ಎಂಬತ್ತೊಂದು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಹಾಸಿಗೆಯೇ ಗತಿ. ಮಗಳು ಐದಕ್ಕೆ ಎದ್ದು ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಬೆನ್ನಿಗೆ ಪೌಡರು ಹಾಕಿ, ತಲೆ ಬಾಚಿ, ತಿನ್ನಿಸಿ ಎಂಟಕ್ಕೆ ಅಂಗಡಿಗೆ ಓಡಬೇಕು. ಮಧ್ಯಾಹ್ನ ಮತ್ತೆ ಮನೆಗೆ, ಮತ್ತೆ ಅಂಗಡಿಗೆ. ಮದುವೆ ಎಂಬುದು ಅವಳ ಬಾಗಿಲ ತನಕ ಬಂದು, ತಮ್ಮನ ಓದು ಮುಗಿಯಲಿ ಎಂದು ಒಂದಷ್ಟು ದಿನ ಕಾದು, ಬೇಸತ್ತು ಎದ್ದುಹೋಗಿತ್ತು. ಅದರ ಬಗ್ಗೆ ಅವಳು ಅಳುವುದನ್ನು ಯಾವತ್ತೋ ಬಿಟ್ಟಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. 'ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೇ' ಎಂದು ಅಮ್ಮ ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು, ಇನ್ನೂ ಇಪ್ಪತ್ತು ವರ್ಷ ಮೈ ಒರೆಸುತ್ತಿದ್ದಳು. ಅಮ್ಮ ಹೇಳುತ್ತಿದ್ದದ್ದು ನೀರು ತಣ್ಣಗಾಯಿತು, ಬಾಚಣಿಗೆ ಚುಚ್ಚಿತು, ಇಷ್ಟೇ.

ತಮ್ಮನದು ಮೂರು ಗಂಟೆ ದಾರಿಯ ಊರಿನಲ್ಲಿ ಟಯರ್ ಅಂಗಡಿ. ಅಮ್ಮನ ಸೊಂಟ ಮುರಿದಾಗ ಅವನು ಬರಲಿಲ್ಲ, ಫೋನು ಮಾಡಿದ. "ಅಕ್ಕಾ, ಪ್ರತಿ ತಿಂಗಳು ಮೊದಲ್ನೇ ಸೋಮವಾರ ಅಮ್ಮಂಗೆ ಒಂದು ಕುಂಡ ಕಳಿಸು, ನನ್ನ ಹೆಸರಲ್ಲಿ. ಏನಾದ್ರೂ ಚೆನ್ನಾಗಿರೋದು ಬರಿ." ಊರಿನ ಗಂಡಸರ ಜಾತಿಯೇ ಅವನದ್ದೂ. ಅವಳು ಅಂಗಡಿಯ ಆರ್ಡರ್ ಹಲಗೆಗೆ ತಿಂಗಳ ಚೀಟಿ ಚುಚ್ಚಿದಳು. ಮೊದಲ ಕುಂಡ ಬಂದ ದಿನ ಅಮ್ಮ ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡು ಅತ್ತುಬಿಟ್ಟರು. ಪಕ್ಕದ ಮನೆಯ ಟೈಲರಮ್ಮನನ್ನು ಕೂಗಿ ಕರೆದು ತೋರಿಸಿದರು.

ಈ ಭಕ್ತಿ ನಾಲ್ಕು ತಿಂಗಳು ನಡೆಯಿತು. ಐದನೆಯ ತಿಂಗಳು ಮತ್ತೆ ಫೋನು. "ಅಕ್ಕಾ, ಆ ಕುಂಡ ನಿಲ್ಲಿಸಿಬಿಡು. ಮನೇಲಿ ಇಡೋಕೆ ಜಾಗ ಬೇಡ್ವಾ? ಅಮ್ಮಂಗೆ ಅಷ್ಟೆಲ್ಲ ಎಲ್ಲಿ ಗೊತ್ತಾಗುತ್ತೆ." ಅವಳು ಚೀಟಿಯ ಮೇಲೆ ಕೆಂಪು ಗೆರೆ ಎಳೆದಳು.

ಅಮ್ಮನಿಗೆ ಎಲ್ಲ ಗೊತ್ತಾಗುತ್ತಿತ್ತು. ಆ ಸೋಮವಾರ ಬೆಳಿಗ್ಗೆಯೇ ಒಳ್ಳೆಯ ಶಾಲು ಹೊದಿಸೆಂದು ಕೇಳಿ ಕಿಟಕಿಗೆ ಮುಖ ಮಾಡಿ ಕೂತರು. ಮಂಗಳವಾರ ಗೋಡೆಗೆ ಮುಖ ಮಾಡಿ ಮಲಗಿದರು. "ಅವನಿಗೆ ಏನೋ ಆಗಿದೆ. ನನ್ನಿಂದ ಮುಚ್ಚಿಡ್ತಿದೀಯ" ಎಂದರು. ಊಟ ಮುಟ್ಟಲಿಲ್ಲ. ಬುಧವಾರವೂ ಮುಟ್ಟಲಿಲ್ಲ. ಅದು ಮಗಳನ್ನು ಹೆದರಿಸಿತು. ಗುರುವಾರ ಅವಳು ಅಂಗಡಿಯಲ್ಲಿ ಯಾರಿಗೂ ಬೇಡವಾಗಿ ಉಳಿದಿದ್ದ ಗಿಡಗಳನ್ನು ಆರಿಸಿದಳು. ಕಡ್ಡಿ ಬಾಗಿದ ಒಂದು ಬಿಗೋನಿಯಾ, ಒಂದು ಕಡೆ ಕಂದಿದ ಜರಿಗಿಡ, ಎರಡು ಬಿಳಿ ಸೇವಂತಿಗೆ. ಬಾಗಿದ್ದನ್ನು ಅಂಚಿಗೆ ಕೂರಿಸಿ ಅದು ಬೇಕೆಂದೇ ಬಾಗಿದೆ ಎನ್ನುವಂತೆ ಮಾಡಿದಳು, ಕಂದಿದ್ದನ್ನು ಬೆನ್ನಿಗೆ ತಿರುಗಿಸಿದಳು. ಯಜಮಾನರು ಬಂದು ನಿಂತು ನೋಡಿ, ಇಂಥದ್ದನ್ನು ನೀನು ಗಿರಾಕಿಗಳಿಗೆ ಮಾಡಿದ್ದೇ ಇಲ್ಲವಲ್ಲ ಎಂದರು. ಕಾರ್ಡಿನ ಮೇಲೆ 'ಅಮ್ಮನಿಗೆ, ನಿನ್ನ ಮಗ' ಎಂದು ಬರೆದಳು.

ಕುಂಡಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ಗಾಡಿಯಣ್ಣ ಕಾರ್ಡು ನೋಡಿ, "ಇದು ನಿಂತಿತ್ತಲ್ಲಕ್ಕ?" ಎಂದ.

"ಬಾಯಿ ಮುಚ್ಕೊಂಡು ಕೊಟ್ಟು ಬಾ ಅಣ್ಣ."

ಅಮ್ಮ ಅವತ್ತು ಎರಡು ಸಲ ಹಾಕಿಸಿಕೊಂಡು ಉಂಡರು.

ಒಂದು ಸಲಕ್ಕೆಂದು ಮಾಡಿದ್ದು ಎರಡು ವರ್ಷ ನಡೆಯಿತು. ನಿಲ್ಲಿಸುವ ದಾರಿ ಅವಳಿಗೆ ತೋಚಲಿಲ್ಲ. ಕುಂಡ ಮಧ್ಯಾಹ್ನಕ್ಕೆ ಮುಂಚೆ ಮನೆಗೆ ಹೋಗುತ್ತಿತ್ತು, ಅದರ ಗುಣಗಾನ ಸಂಜೆಗೆ ಇವಳ ತಲೆಗೆ ಬೀಳುತ್ತಿತ್ತು. ಅಮ್ಮನ ಕಾಲಿನ ಉಗುರು ಕತ್ತರಿಸುತ್ತ ಕೂತವಳು ಕೇಳಬೇಕು: "ನೋಡೇ, ಈ ಸಲ ನೀಲಿ ಕಳಿಸಿದಾನೆ. ನಂಗೆ ನೀಲಿ ಇಷ್ಟ ಅಂತ ಅವನಿಗೆ ನೆನಪಿದೆ." ನೀಲಿ ಇಷ್ಟ ಎಂದು ತಮ್ಮನಿಗೆ ಎಲ್ಲಿಂದ ಗೊತ್ತಿರಬೇಕು, ಅವನಿಗೆ ಅಮ್ಮನ ಯಾವ ಕಾಲು ನೋಯುತ್ತದೆಂದೂ ಗೊತ್ತಿರಲಿಲ್ಲ. "ಗಂಡುಮಕ್ಳು ಬಾಯಲ್ಲಿ ಹೇಳಲ್ಲ ಕಣೇ. ಮನಸ್ಸಲ್ಲಿ ಇಟ್ಕೊಂಡಿರ್ತಾರೆ." ಮಗಳು ಹೂಂ ಎನ್ನುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು. ತಾನೇ ನೀರೆರೆದು ಬೆಳೆಸಿದ ಉರಿ, ಯಾರ ಹತ್ತಿರ ಹೇಳಿಕೊಳ್ಳುವುದು? ತಿಂಗಳ ಮೊದಲ ಸೋಮವಾರ ಬಂದರೆ ಮತ್ತೆ ಅವಳ ಕೈ ತಾನಾಗಿ ಉಳಿದವುಗಳಲ್ಲೇ ಒಳ್ಳೆಯ ಗಿಡವನ್ನು ಹುಡುಕುತ್ತಿತ್ತು. ಕೆಟ್ಟದಾಗಿ ಜೋಡಿಸಲು ಆ ಕೈಗೆ ಬರುತ್ತಿರಲಿಲ್ಲ, ಅದೇ ಅದರ ಶಾಪ.

ಮೂರನೆಯ ವರ್ಷ ಒಂದು ಭಾನುವಾರ ಆ ಕಡೆ ಯಾವುದೋ ಕೆಲಸಕ್ಕೆ ಬಂದಿದ್ದ ತಮ್ಮ ಮನೆಗೆ ಬಂದ. ಬೂಟು ಬಿಚ್ಚಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತ. ಅಮ್ಮ ಅವನ ಕೈ ಹಿಡಿದುಕೊಂಡು ಕಿಟಕಿಯ ಕಡೆ ತೋರಿಸಿದರು. ಅಲ್ಲಿ ಕುಂಡಗಳ ಸಾಲು, ಜಾಗ ಸಾಲದೆ ನೆಲಕ್ಕೂ ಇಳಿದಿತ್ತು.

"ಇಷ್ಟು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸ್ಲಿಲ್ವಲ್ಲೋ ನೀನು. ನಾನು ಬದುಕಿರೋದೇ ನಿನ್ನ ಹೂವಿನಿಂದ."

ಅಕ್ಕ ನೀರಿನ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈಗ ಅವನು 'ಯಾವ ಹೂವಮ್ಮ?' ಎನ್ನುತ್ತಾನೆ. ಅಂದುಬಿಡಲಿ. ತಾನು ಹೇಳಲಾರದ್ದು ಅವನ ಬಾಯಿಂದಲೇ ಬೀಳಲಿ. ತಮ್ಮ ಕುಂಡಗಳನ್ನು ನೋಡಿದ. ಅಕ್ಕನನ್ನು ನೋಡಿದ. ಎಲ್ಲ ಅರ್ಥವಾಯಿತೆಂಬುದು ಅವನ ಮುಖದಲ್ಲೇ ಕಂಡಿತು. ವ್ಯಾಪಾರದವನು, ಬೇಗ ಅರ್ಥವಾಗುತ್ತದೆ.

"ಅಯ್ಯೋ, ಅದೇನು ದೊಡ್ಡದಮ್ಮ" ಎಂದ. "ನಿಂಗಲ್ದೆ ಇನ್ಯಾರಿಗೆ ಕಳಿಸ್ಲಿ?"

ಅವನನ್ನು ಕಾರಿನ ತನಕ ಬಿಡಲು ಹೋದಾಗ ಅವಳಿಗೆ ತಡೆಯಲಾಗಲಿಲ್ಲ. "ನಾಚಿಕೆ ಆಗ್ಲಿಲ್ವೇನೋ ನಿಂಗೆ?"

"ಏನಕ್ಕ ನೀನು. ಅಮ್ಮ ಖುಷಿಯಾಗಿದಾಳೆ ತಾನೆ? ಯಾರ ಹೆಸರಾದ್ರೇನು?" ಕಾರಿನ ಬಾಗಿಲು ತೆಗೆದವನು ಏನೋ ನೆನಪಾದಂತೆ ತಿರುಗಿದ. "ಮುಂದಿನ ಸಲ ಸ್ವಲ್ಪ ದೊಡ್ಡದು ಕಳಿಸು. ಇವೆಲ್ಲ ತೀರಾ ಚಿಕ್ಕವು. ನೋಡೋರು ಏನಂದ್ಕೋತಾರೆ."

ಯಾರ ಹೆಸರಾದರೇನು! ಹಾಗಾದರೆ ನೋಡಿಯೇಬಿಡೋಣ ಎಂದುಕೊಂಡಳು ಅವಳು. ಮುಂದಿನ ಕುಂಡದ ಸೋಮವಾರ ಬಂದಾಗ ಬೇಡವಾಗಿ ಉಳಿದ ಗಿಡಗಳನ್ನು ಮುಟ್ಟಲಿಲ್ಲ. ಬೆಳಿಗ್ಗೆ ಲಾರಿಯಲ್ಲಿ ಬಂದದ್ದರಲ್ಲಿ ಮೊದಲ ಆಯ್ಕೆ ಅವಳದ್ದು. ನೀಲಿ, ಅದರ ಬುಡಕ್ಕೆ ಬಿಳಿ, ಕೆಳಗೆ ಸಣ್ಣೆಲೆಯ ಬಳ್ಳಿ. ಇಪ್ಪತ್ತಾರು ವರ್ಷದ ಕೈಗೆ ಗೊತ್ತಿದ್ದದ್ದೆಲ್ಲ ಆ ಕುಂಡಕ್ಕೆ ಹೋಯಿತು. ಅದಕ್ಕೆ ಬೆನ್ನೇ ಇರಲಿಲ್ಲ, ಯಾವ ಕಡೆ ತಿರುಗಿಸಿದರೂ ಮುಖ. ಕಾರ್ಡಿನಲ್ಲಿ 'ಅಮ್ಮನಿಗೆ, ನಿನ್ನ ಮಗಳು' ಎಂದು ಬರೆದಳು. ಗಾಡಿಯಣ್ಣನ ಹಿಂದೆಯೇ ತಾನೂ ಮನೆಗೆ ಬಂದಳು.

ಅಮ್ಮ ಕನ್ನಡಕ ಹಾಕಿಕೊಂಡು ಕಾರ್ಡು ಓದಿದರು. "ಇದೇನೇ? ತಪ್ಪು ಬರೆದಿದೀಯ."

"ಇಲ್ಲಮ್ಮ. ಸರಿಯಾಗೇ ಇದೆ."

"ಅವನದ್ದು ಎಲ್ಲಿ?"

"ಮೊದಲು ಇದನ್ನ ನೋಡಮ್ಮ. ನಾನು ಕಳಿಸಿದ್ದು."

ಅಮ್ಮ ನೋಡಿದರು. ಎಲೆ ಮುಟ್ಟಿ ನೋಡಿದರು. "ಚೆನ್ನಾಗಿದೆ" ಎಂದರು, ಉಪ್ಪು ಸಾಲದ ಸಾರಿನ ಬಗ್ಗೆ ಹೇಳುವ ಹಾಗೆ. "ಆದ್ರೂ ಅವನು ಕಳಿಸೋದ್ರಲ್ಲಿ ಒಂದು ಪ್ರೀತಿ ಕಾಣುತ್ತೆ. ಇದು ಅಂಗಡಿಯದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ. ಅವನದ್ದು ಅಲ್ಲೇ ಮರೆತು ಬಂದ್ಯಾ?"

ಆಗ ಅವಳು ಹೇಳಿಬಿಟ್ಟಳು. ಮಂಚದ ಪಕ್ಕ ನಿಂತು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಎಲ್ಲವನ್ನೂ ಹೇಳಿದಳು. ನಾಲ್ಕು ತಿಂಗಳಿಗೇ ಅವನು ನಿಲ್ಲಿಸಿದ್ದು, ಕೆಂಪು ಗೆರೆ, ಗೋಡೆಗೆ ಮುಖ ಮಾಡಿ ಮಲಗಿದ ಆ ಎರಡು ದಿನ, ಆಮೇಲೆ ಬಂದ ಒಂದೊಂದು ಕುಂಡ. "ಎಲ್ಲಾ ನಾನೇ ಮಾಡಿದ್ದು ಅಮ್ಮ. ಆಮೇಲೆ ಬಂದದ್ರಲ್ಲಿ ಒಂದೂ ಅವನದ್ದಲ್ಲ."

ಅಮ್ಮ ಕನ್ನಡಕ ತೆಗೆದು ಮಡಿಚಿದರು.

"ಮಾಡಿದ್ದು ನೀನು ಅಂತ ನಂಗೊತ್ತಿಲ್ವಾ? ಇಡೀ ಊರಿಂದೇ ನೀನು ಮಾಡೋದು. ಬರೆಯೋದೂ ನೀನೇ. ಅಷ್ಟಕ್ಕೇ ಕಳಿಸಿದ್ದು ನೀನಾಗಿಬಿಡ್ತೀಯಾ? ಅವನು ಈ ಕುರ್ಚಿ ಮೇಲೆ ಕೂತು ನನ್ನೆದುರಿಗೇ ಒಪ್ಪಿಕೊಂಡು ಹೋದ್ನಲ್ಲೇ." ದನಿ ಸಣ್ಣಗಾಯಿತು. "ಬರೋದೇ ಅಪರೂಪ, ಅವನ ಮೇಲೂ ಹೊಟ್ಟೆಕಿಚ್ಚಾ ನಿಂಗೆ? ಚಿಕ್ಕಂದಿನಿಂದ ನೀನು ಹೀಗೇ."

ಸಾಕ್ಷಿಗೆ ಏನನ್ನು ತೋರಿಸುವುದು? ಅಕ್ಷರ ಅವಳದ್ದು, ಅದು ಊರಿನ ಎಲ್ಲ ಕಾರ್ಡಿನಲ್ಲೂ ಇತ್ತು. ಕೈ ಅವಳದ್ದು, ಅದು ಊರಿನ ಎಲ್ಲ ಕುಂಡದಲ್ಲೂ ಇತ್ತು. ಅಮ್ಮ ಆ ನೀಲಿ ಹೂವಿನ ಕುಂಡವನ್ನು ಹಿತ್ತಲಲ್ಲಿಡಲು ಹೇಳಿದರು, ಕಿಟಕಿಯಲ್ಲಿ ಜಾಗವಿಲ್ಲ, ಅವನದ್ದು ಬರುತ್ತದಲ್ಲ ಎಂದು. ಅವಳು ಎತ್ತಿಕೊಂಡು ಹೋಗಿ ಇಟ್ಟು ಬಂದಳು. ಮರುದಿನ ಐದಕ್ಕೆ ಎದ್ದು ಅಮ್ಮನ ಮೈ ಒರೆಸಿದಳು.

ಮುಂದಿನ ತಿಂಗಳ ಮೊದಲ ಸೋಮವಾರ ಅಂಗಡಿಯಲ್ಲಿ ಹನ್ನೊಂದು ಕುಂಡ ಜೋಡಿಸಿದಳು. ಅವುಗಳಲ್ಲಿ ಒಂದೂ ಅವಳ ಓಣಿಯದ್ದಲ್ಲ. ಗಾಡಿಯಣ್ಣ ತುಂಬಿಕೊಂಡು ಹೊರಡುವ ಮೊದಲು ಇನ್ನೊಂದಕ್ಕೆಂದು ಒಂದು ಗಳಿಗೆ ನಿಂತ. ಅವಳು ಕೈ ತೊಳೆಯಲು ಒಳಗೆ ಹೋದಳು.

ಮಧ್ಯಾಹ್ನ ಮನೆಗೆ ಬಂದಾಗ ಅಮ್ಮ ಒಳ್ಳೆಯ ಶಾಲು ಹೊದ್ದು ಕಿಟಕಿಗೆ ಮುಖ ಮಾಡಿ ಕೂತಿದ್ದರು.

"ಗಾಡಿ ಆಗ್ಲೇ ಹೋಯ್ತು ಕಣೇ. ಇಲ್ಲಿ ನಿಲ್ಸಲೇ ಇಲ್ಲ."

"ಹೂಂ."

"ಅವನದ್ದು ಬರೋ ತನಕ ನಂಗೆ ಊಟ ಬೇಡ."

ಈ ಮಾತು ಕೇಳಿದರೆ ಹಿಂದೆ ಅವಳು ಓಡಿ ಬಂದು ಮಂಚದ ತುದಿಯಲ್ಲಿ ಕೂತು, ಒಂದು ತುತ್ತು, ಇನ್ನೊಂದು ತುತ್ತು ಎಂದು ಬೇಡಿಕೊಳ್ಳುತ್ತಿದ್ದಳು. ಇವತ್ತು ಅಮ್ಮನ ತಟ್ಟೆಯನ್ನು ಕೈಗೆ ಸಿಗುವ ಹಾಗೆ ಸ್ಟೂಲಿನ ಮೇಲೆ ಇಟ್ಟಳು. "ಅದು ಬರಲ್ಲಮ್ಮ" ಎಂದಳು. ತನಗೂ ಬಡಿಸಿಕೊಂಡು ಬಂದು, ತಮ್ಮ ಕೂತಿದ್ದ ಕುರ್ಚಿಯಲ್ಲೇ ಕೂತಳು. ಎಷ್ಟೋ ತಿಂಗಳ ಮೇಲೆ ಊಟ ಬಿಸಿಯಾಗಿರುವಾಗಲೇ ಬಾಯಿಗೆ ಹೋಗುತ್ತಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು, ಅದರ ಪಾಡಿಗೆ ಇಳಿಯಲಿ ಎಂದು ಬಿಟ್ಟಳು.

"ನಾನು ಹಸ್ಕೊಂಡು ಕೂತಿದ್ರೆ ನಿಂಗೆ ಹೇಗೇ ಗಂಟಲಲ್ಲಿ ಇಳಿಯುತ್ತೆ?" ಎಂದರು ಅಮ್ಮ.

"ಇಳೀತಿದೆಯಮ್ಮ" ಎಂದಳು ಅವಳು, ಎದ್ದು ಹೋಗಿ ಇನ್ನೊಂದು ಸಲ ಬಡಿಸಿಕೊಂಡು ಬಂದಳು.